ಗೋಲಿಗೆ ಯಾರು ನಿಲ್ತೀರಿ?

(ಕೊಡಗಿನಲ್ಲಿ ಶಾಲಾ ಮಕ್ಕಳ ಗೋಲ್‌ಕೀಪಿಂಗ್ ಶಿಬಿರದ ಉದ್ಘಾಟನೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯಲ್ಲಿರುವ ಹಿರಿಯರೇ, ಊರ ಬಂಧುಗಳೇ, ಬೆಳಿಗ್ಗೆಯಿಂದ ಮೈದಾನದಲ್ಲಿ ಬೆವರು ಸುರಿಸಿ ಈಗ ಇಲ್ಲಿ ಬಂದು ಕೂತಿರುವ ಮಕ್ಕಳೇ,

ಹಾಕಿ ಅಂದರೇನು ಅಂತ ಕೊಡಗಿನಲ್ಲಿ ನಿಂತು ನಾನು ಹೇಳಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಬಂದಿದ್ದವು. 360 ತಂಡ ಅಂದರೆ ಕಡಿಮೆ ಅಂದರೂ 360 ಗೋಲ್‌ಕೀಪರ್‌ಗಳು. ಅದರಲ್ಲಿ ಕೀಪಿಂಗ್ ಕಲಿತು ಬಂದವರು ಎಷ್ಟು ಜನ, 'ಇವತ್ತೊಂದು ದಿನ ನೀನೇ ನಿಂತುಬಿಡೋ' ಅಂತ ಹೇಳಿಸಿಕೊಂಡವರು ಎಷ್ಟು ಜನ? ನಗ್ತಿದ್ದೀರಿ. ಹಾಗಾದರೆ ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ.

ನಾನು ಹೇಳೋದಕ್ಕೆ ಬಂದಿರೋದು ಒಂದೇ ಮಾತು. ಆರಿಸಿ ಉಳಿದವನನ್ನು ಗೋಲಿಗೆ ನಿಲ್ಲಿಸಬೇಡಿ. ಮೊದಲು ಗೋಲಿಗೆ ಆರಿಸಿ, ಆಮೇಲೆ ಉಳಿದ ಹತ್ತು ಜನರನ್ನು ಆರಿಸಿ.

ಭಾರತದ ಗೋಲಲ್ಲಿ ಪಿ.ಆರ್. ಶ್ರೀಜೇಶ್ ಇದ್ದಷ್ಟು ದಿನ ದೇಶಕ್ಕೆ ಈ ಚಿಂತೆಯೇ ಇರಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚಿನ ಪಂದ್ಯ, ಜರ್ಮನಿ ಮೇಲೆ 5–4. ಮುಗಿಯಲು ಏಳು ಸೆಕೆಂಡೂ ಇಲ್ಲ, ಜರ್ಮನಿಗೆ ಪೆನಾಲ್ಟಿ ಕಾರ್ನರ್. ತಡೆದರು. ಪ್ಯಾರಿಸ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಹತ್ತೇ ಜನ ಆಡಿ 1–1ಕ್ಕೆ ನಿಲ್ಲಿಸಿ, ಶೂಟೌಟ್‌ನಲ್ಲಿ ಗೆದ್ದೆವು. ಆಮೇಲೆ ಅವರು ನಿವೃತ್ತರಾದರು. 2025ರ ಜೂನ್‌ನಲ್ಲಿ ಪ್ರೊ ಲೀಗ್ ಆಡಲು ಯೂರೋಪಿಗೆ ಹೋದ ನಮ್ಮ ತಂಡ ಸಾಲಾಗಿ ಏಳು ಪಂದ್ಯ ಸೋತಿತು. ಏಳರಲ್ಲಿ ಆರು ಒಂದೇ ಗೋಲಿನ ಅಂತರ!

ತಪ್ಪು ತಿಳಿಯಬೇಡಿ, ಅವರ ನಂತರ ಗೋಲಿಗೆ ನಿಂತ ಕೃಷನ್ ಪಾಠಕ್ ಆಗಲಿ ಸೂರಜ್ ಕರ್ಕೇರ ಆಗಲಿ ಕಡಿಮೆಯವರಲ್ಲ. ಗೋಲು ಬಿದ್ದಾಗ ಅದರ ಹಿಂದೆ ಹತ್ತು ಜನರ ತಪ್ಪಿರುತ್ತದೆ. ಆದರೆ ಒಲಿಂಪಿಕ್ಸ್ ತಂಡ 16 ಜನರದು, ಎರಡನೇ ಕೀಪರ್‌ಗೆ ಅದರಲ್ಲಿ ಜಾಗ ಸಿಗೋದೇ ಕಷ್ಟ. ಪಾಠಕ್ ಪ್ಯಾರಿಸ್‌ಗೆ ಹೋದದ್ದು ಮೀಸಲು ಆಟಗಾರನಾಗಿ. ವರ್ಷಗಟ್ಟಲೆ ಬೆಂಚಿನ ಮೇಲೆ ಕೂರಿಸಿ, ಒಂದು ದಿನ ಎಬ್ಬಿಸಿ, ನಾಳೆಯಿಂದ ನೀನು ಶ್ರೀಜೇಶ್ ಆಗು ಅಂದರೆ ಹೇಗೆ?

ನಾನು ಎಂಟನೇ ತರಗತಿಯಲ್ಲಿದ್ದಾಗಿನ ಒಂದು ಸಂಗತಿ ಹೇಳ್ತೀನಿ. ತಾಲ್ಲೂಕು ಮಟ್ಟದ ಪಂದ್ಯ. ನಮ್ಮ ಶಾಲೆಗೆ ಇದ್ದದ್ದು ಒಂದೇ ಜೊತೆ ಪ್ಯಾಡ್. ರಸ್ತೆಯ ಆಚೆ ಮೈದಾನದಲ್ಲಿ ನಮ್ಮ ಹುಡುಗಿಯರ ಪಂದ್ಯ, ಈಚೆ ನಮ್ಮದು. ಅವರದು ಮುಗಿದ ಮೇಲೆ ಪ್ಯಾಡ್ ನನಗೆ ಬರಬೇಕು. ಅವತ್ತು ಅವರದು ಸಮ ಸಮ ಆಗಿ ಟೈಬ್ರೇಕರ್‌ಗೆ ಹೋಯಿತು. ಅಂಪೈರ್ ಗಡಿಯಾರ ನೋಡಿದರು, ಪಿ.ಟಿ. ಮೇಷ್ಟ್ರು ರಸ್ತೆ ನೋಡಿದರು. 'ಇನ್ನು ಕಾಯೋಕಾಗಲ್ಲ' ಅಂತ ಸೀಟಿ ಊದಿಯೇಬಿಟ್ಟರು. ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು, ಪ್ಯಾಡ್ ಇಲ್ಲದೆ ಗೋಲಿನೊಳಗೆ ನಿಂತೆ. ಎರಡನೇ ಹೊಡೆತವೇ ಮೊಣಕಾಲಿನ ಕೆಳಗೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಅಷ್ಟರಲ್ಲಿ ಹತ್ತನೇ ತರಗತಿಯ ಅಕ್ಕ ಪ್ಯಾಡ್ ಬಿಚ್ಚದೆ, ಕಾಲು ಅಗಲಿಸಿಕೊಂಡು, ರಸ್ತೆ ದಾಟಿ ಓಡಿ ಬಂದರು. ಬಸ್ಸು ನಿಂತು ದಾರಿ ಬಿಟ್ಟಿತು. ನನ್ನ ಗೋಲಿನ ಪಕ್ಕ ಹುಲ್ಲಲ್ಲಿ ಕೂತು ಒಂದೊಂದೇ ಪಟ್ಟಿ ಬಿಚ್ಚಿದರು. ಒಳಗೆಲ್ಲ ಅವರ ಬೆವರು, ಬೆಚ್ಚಗಿತ್ತು. 'ಎಡಗಾಲಿನದ್ದಕ್ಕೆ ಬಕಲ್ ಇಲ್ಲ, ಸೆಣಬಿನ ದಾರ ಇದೆ, ಎರಡು ಸುತ್ತು ಹಾಕಿ ಕಟ್ಟು. ಹೊಡೆಯುವಾಗ ಕಣ್ಣು ಮುಚ್ಚಬೇಡ ಕಣೋ. ನಾವು ಗೆದ್ವಿ!' ಅಂದರು. ಟೈಬ್ರೇಕರ್‌ನಲ್ಲಿ ಮೂರು ಪೆನಾಲ್ಟಿ ಸ್ಟ್ರೋಕ್ ತಡೆದು ಬಂದಿದ್ದರು ಆಕೆ. ಅಂಥ ಕೀಪರನ್ನು ಆಮೇಲೆ ನಾನು ನಮ್ಮ ತಾಲ್ಲೂಕಿನಲ್ಲಿ ನೋಡಲಿಲ್ಲ. ಹತ್ತನೇ ತರಗತಿ ಮುಗಿಯಿತು, ಆಟವೂ ಮುಗಿಯಿತು. ಯಾರೂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ನನಗೆ ಈವತ್ತಿಗೂ ಸಂಕಟವಾಗೋದು ಅದಕ್ಕೆ.

ಪ್ಯಾಡಿನ ಮಾತು ಬಂದಿದ್ದರಿಂದ ಹೇಳ್ತೀನಿ. ಶ್ರೀಜೇಶ್ ಅವರ ತಂದೆ ಮಗನ ಕಿಟ್‌ಗಾಗಿ ಹಸು ಮಾರಿದರು. ನಾವೆಲ್ಲ ಅದನ್ನು ಹೆಮ್ಮೆಯಿಂದ ಹೇಳ್ತೀವಿ. ಆದರೆ ಹಸು ಇಲ್ಲದ ಮನೆಯ ಹುಡುಗ ಏನು ಮಾಡಬೇಕು? ಸ್ಟಿಕ್ಕನ್ನು ಹುಡುಗ ಮನೆಯಿಂದ ತರಲಿ, ಗೋಲ್‌ಕೀಪರ್ ಕಿಟ್ ಶಾಲೆಯದ್ದೇ ಆಗಿರಬೇಕು. ಒಂದಲ್ಲ, ಎರಡು. ಎರಡನೇ ಕೀಪರ್ ಇಲ್ಲದ ತಂಡಕ್ಕೆ ಮೊದಲನೆಯವನೂ ಇಲ್ಲ ಅಂತಲೇ ನನ್ನ ಲೆಕ್ಕ.

ನಮ್ಮ ನೆಲದಲ್ಲಿ ಕೀಪರ್‌ಗಳಿಗೇನು ಬರವಿಲ್ಲ. ಭಾರತದ ಗೋಲು ಕಾದ ಅಂಜಪರವಂಡ ಸುಬ್ಬಯ್ಯ ನಿಮ್ಮವರೇ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಟೈಬ್ರೇಕರ್ ಗೆಲ್ಲಿಸಿಕೊಟ್ಟವರು ಬೆಂಗಳೂರಿನ ಆಶಿಶ್ ಬಲ್ಲಾಳ್, 32 ವರ್ಷದ ಮೇಲೆ ಬಂದ ಚಿನ್ನ ಅದು. 1972ರ ಮ್ಯೂನಿಕ್ ಕಂಚಿನ ಮ್ಯಾನುಯೆಲ್ ಫ್ರೆಡರಿಕ್ ಕಣ್ಣೂರಿನವರಾದರೂ ಬಾಳಿದ್ದು ಬೆಂಗಳೂರಿನಲ್ಲಿ. ಅವರ ಕಾಲಕ್ಕೆ ಹೆಲ್ಮೆಟ್ಟೂ ಇರಲಿಲ್ಲ. 2023ರ ಕಿರಿಯರ ವಿಶ್ವಕಪ್‌ನಲ್ಲಿ ಗೋಲು ಕಾದ ಮೋಹಿತ್ ನಮ್ಮ ರಾಜ್ಯದ ಹುಡುಗ. ಇದ್ದಾರೆ, ಹುಡುಕಬೇಕು, ಬೇಗ ಹುಡುಕಬೇಕು.

ಇನ್ನು ತರಬೇತಿ. ಗೋಲಿನ ಅಗಲ 3.66 ಮೀಟರ್, ಎತ್ತರ 2.14. ಅಷ್ಟನ್ನೂ ಒಬ್ಬನೇ ಮೈಯಲ್ಲಿ ಮುಚ್ಚೋಕಾಗಲ್ಲ, ಅದಕ್ಕೇ ಎಲ್ಲಿ ನಿಲ್ಲಬೇಕು ಅನ್ನೋದು ಕಲಿಯುವ ವಿದ್ಯೆ. ನಮ್ಮ ಶಾಲಾ ಪಂದ್ಯಗಳಲ್ಲಿ ಗೋಲು ಬೀಳೋದು ಮೊದಲ ಹೊಡೆತಕ್ಕಲ್ಲ. ಹುಡುಗ ತಡೆಯುತ್ತಾನೆ, ಕಾಲಿಗೆ ಬಡಿದ ಚೆಂಡು ನೇರ ಗೋಲಿನ ಮುಂದಿನ ಸರ್ಕಲ್ ಮಧ್ಯಕ್ಕೇ ವಾಪಸ್ ಹೋಗುತ್ತೆ, ಅಲ್ಲಿ ಫಾರ್ವರ್ಡ್ ಕಾಯ್ತಾ ಇರ್ತಾನೆ. ಪಾದಕ್ಕೆ ಕಟ್ಟಿದ ಕಿಕರ್ ಸ್ವಲ್ಪ ಓರೆ ಹಿಡಿದರೆ ಅದೇ ಚೆಂಡು ಅಂಚಿಗೆ ಹೋಗುತ್ತೆ. ಪಾದದ ಕೋನ ಅಷ್ಟೇ! ಅದನ್ನು ಹೇಳಿಕೊಡೋಕೆ ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ನಮ್ಮಲ್ಲಿ ಕೀಪರ್‌ಗೆ ಅಭ್ಯಾಸ ಅಂದರೆ ಬೇರೆಯವರ ಶೂಟಿಂಗ್ ಅಭ್ಯಾಸಕ್ಕೆ ಗೋಲಲ್ಲಿ ನಿಲ್ಲೋದು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಶೂಟೌಟ್‌ನಲ್ಲಿ ಗೋಲು ಹೊಡೆಯೋಕೆ ಸಿಗುವ ಎಂಟು ಸೆಕೆಂಡಿನ ಬಗ್ಗೆ ಹೇಳಬೇಕಿತ್ತು, ಅದನ್ನು ನಾಳೆ ಮೈದಾನದಲ್ಲೇ ತೋರಿಸ್ತೀನಿ. ಭಾರತದ ಮಹಿಳಾ ತಂಡದ ಗೋಲು ಕಾದ ಸವಿತಾ ಪೂನಿಯಾ ಬಗ್ಗೆಯೂ ಅಲ್ಲೇ. ತರಬೇತುದಾರರಲ್ಲಿ ಒಂದೇ ವಿನಂತಿ: ಮುನ್ನಡೆ ಸಿಕ್ಕ ಪಂದ್ಯದಲ್ಲಿ ಕೊನೆಯ ಕ್ವಾರ್ಟರ್‌ಗೆ ಎರಡನೇ ಕೀಪರನ್ನು ಇಳಿಸಿ. ಒಂದು ಗೋಲು ಹೋದರೆ ಹೋಗಲಿ.

ಮಕ್ಕಳೇ, ಹೊರಗೆ ಜಗಲಿಯ ಮೇಲೆ ಎರಡು ಕಿಟ್ ಇಟ್ಟಿದ್ದೀವಿ. ಬಕಲ್‌ಗಳೆಲ್ಲ ಸರಿ ಇವೆ, ನಾನೇ ನೋಡಿದ್ದೀನಿ. ಊಟಕ್ಕೆ ಮೊದಲು ಒಬ್ಬೊಬ್ಬರೇ ಹಾಕಿ ನೋಡಿ. ಹುಡುಗಿಯರು ಮೊದಲು ಬನ್ನಿ.