ಬೇರಿನ ತುದಿಯೂ ಮಣ್ಣಿನ ತೇವವೂ

ಕೇಳುಗರಿಗೆ ನಮಸ್ಕಾರ.

ಕಳೆದ ಬೇಸಗೆಯಲ್ಲಿ ಮನೆಯ ಹಿಂದಿನ ಗುಡ್ಡೆಯನ್ನು ಕಡಿಸುವಾಗ, ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಬಿರುಕಿನೊಳಗೆ ಹಲಸಿನ ಬೇರೊಂದು ರಟ್ಟಿನ ಹಾಗೆ ಚಪ್ಪಟೆಯಾಗಿ ಇಳಿದಿರುವುದು ಕಣ್ಣಿಗೆ ಬಿತ್ತು. ಒಣಕಲ್ಲಿಗೆ ಅಂಟಿದ್ದ ಮಗ್ಗುಲು ನುಣುಪಾಗಿತ್ತು. ಜೇಡಿ ತುಂಬಿ ತಣ್ಣಗಿದ್ದ ಇನ್ನೊಂದು ಮಗ್ಗುಲಲ್ಲಿ ಮಾತ್ರ ನೂಲಿನೆಳೆಯಂತಹ ಕವಲುಗಳು ಒತ್ತಾಗಿ ಮೂಡಿದ್ದವು.

ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ ಎಂದು ನಾವು ಹೇಳುವುದುಂಟು. ಆದರೆ ನೀರಿಗಾಗಿ ಗುಡ್ಡೆಗೆ ಕೊರೆದ ದೂರದ ಸುರಂಗದ ನೀರು ಬೇರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ತಿಳಿಯುವುದು ತನಗೆ ತಾಗಿದ ಮಣ್ಣಿನ ತೇವ ಮಾತ್ರ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್, ಬೇರಿನ ತುದಿಗೆ ಜಿಡ್ಡು ಬಳಿದಾಗ ಅದು ತೇವದ ಕಡೆಗೆ ಬಾಗುವುದು ನಿಲ್ಲುತ್ತದೆಂದು 1880ರಲ್ಲೇ ಬರೆದಿದ್ದರು. ಒಂದೇ ಬೇರಿನ ಒದ್ದೆ ಮಗ್ಗುಲಲ್ಲಿ ಕವಲೊಡೆದು ಒಣ ಮಗ್ಗುಲಲ್ಲಿ ಒಡೆಯದಿರುವ ಗುಣವನ್ನು ಸಂಶೋಧಕರು 2014ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಗಣಕದಲ್ಲಿ ಬೇರಿನ ಮಾದರಿಯನ್ನು ಕಟ್ಟುವವರು ಈ ಸಣ್ಣ ತಿಳಿವಳಿಕೆಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಮಣ್ಣನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, 1931ರಲ್ಲಿ ಮಣ್ಣುವಿಜ್ಞಾನಿ ರಿಚರ್ಡ್ಸ್ ರೂಪಿಸಿದ ಸಮೀಕರಣದಿಂದ ಒಂದು ಚೌಕದಿಂದ ಇನ್ನೊಂದಕ್ಕೆ ನೀರು ಹರಿಯುವ ವೇಗವನ್ನು ಲೆಕ್ಕಹಾಕುತ್ತಾರೆ. ಮಾದರಿಯಲ್ಲಿ ಪ್ರತಿಯೊಂದು ಬೇರುತುದಿಯೂ ಭೂಮಿಯ ಸೆಳೆತ, ಪಕ್ಕದ ತೇವ, ಮಣ್ಣಿನ ಗಡಸುತನ, ಇವುಗಳಿಗೆ ಒಂದಿಷ್ಟು ಆಕಸ್ಮಿಕತೆಯನ್ನೂ ಸೇರಿಸಿ, ಮುಂದಿನ ಹೆಜ್ಜೆಯ ದಿಕ್ಕನ್ನು ನಿರ್ಧರಿಸುತ್ತದೆ. ಬೇರು ಹೀರಿದಷ್ಟೂ ಆ ಚೌಕ ಒಣಗುತ್ತದೆ, ಒಣಗಿದ ಮಣ್ಣು ಗಟ್ಟಿಯಾಗುತ್ತದೆ, ಗಟ್ಟಿಯಾದಲ್ಲಿ ತುದಿ ನಿಧಾನಿಸುತ್ತದೆ. ಹೀಗೆ ಬೇರು ಮಣ್ಣನ್ನೂ ಮಣ್ಣು ಬೇರನ್ನೂ ತಿದ್ದುತ್ತಲೇ ಹೋಗುವುದರಿಂದ ಎರಡನ್ನೂ ಒಟ್ಟಿಗೇ ಲೆಕ್ಕಹಾಕದೆ ಗತ್ಯಂತರವಿಲ್ಲ.

ನಮ್ಮ ಕಾಸರಗೋಡಿನ ನೆಲ ಇಂತಹ ಮಾದರಿಗೆ ಕಠಿಣವಾದ ಪರೀಕ್ಷೆ. ವರ್ಷದ ಸುಮಾರು 3500 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗದ ತಗ್ಗಿನ ತೋಟವೇ ಮಾರ್ಚ್ ತಿಂಗಳಿಗೆ ಬಾಯಾರಿ ಬಿರಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮುರಕಲ್ಲಿನಲ್ಲಿ ನೀರು ಇಳಿಯುವುದು ಬಿರುಕು ತೂತುಗಳ ಮೂಲಕ. ಸರಾಸರಿ ತೇವವನ್ನು ಮಾತ್ರ ಬಲ್ಲ ಮಾದರಿಗೆ ನಾನು ಕಂಡ ಆ ಹಲಸಿನ ಬೇರು ಎಂದಿಗೂ ಕಾಣಿಸದು. ಬಿರುಕುಗಳಿಗೆ ಪ್ರತ್ಯೇಕ ದಾರಿಯನ್ನೇ ಇಟ್ಟು ಲೆಕ್ಕಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತೆಂಗಿನ ವಿಷಯವನ್ನೂ ಹೇಳಬೇಕು. ಇಲ್ಲಿ 1916ರಿಂದ ಸಂಶೋಧನೆ ನಡೆದಿರುವ ಈ ಮರಕ್ಕೆ ತಾಯಿಬೇರೂ ಇಲ್ಲ, ಬೇರಿನ ಮೇಲೆ ರೋಮಗಳೂ ಇಲ್ಲ. ನೀರನ್ನು ಹೀರುವುದು ಮುಖ್ಯವಾಗಿ ಎಳೆಬೇರಿನ ತುದಿಯ ಹಿಂದಿನ ಭಾಗ. ಕಾಂಡಕ್ಕೆ ತಾಗಿಸಿ ಕೊಳವೆ ಬಿಡುವವರು ಹಳೆಯ ಬೇರುಗಳನ್ನು ತೋಯಿಸುತ್ತಾರೆಯೇ ಹೊರತು ಕುಡಿಯುವ ತುದಿಗಳನ್ನಲ್ಲ. ಬುಡದಿಂದ 1.8 ಮೀಟರ್ ದೂರದವರೆಗೆ ಕಟ್ಟೆ, ಅಂದರೆ ನೀರು ನಿಲ್ಲುವ ಪಾತಿ, ಬಿಡಿಸಿ, ಅದರೊಳಗೆ ತೆಂಗಿನ ಸಿಪ್ಪೆ ಹೂತು ಮಡಲು (ತೆಂಗಿನ ಗರಿ) ಮುಚ್ಚಿದರೆ ತೇವ ಉಳಿಯುವುದೂ ಅಲ್ಲೇ, ಹೊಸ ಕವಲುಗಳು ಒಡೆಯುವುದೂ ಅಲ್ಲೇ.