ಫೋನಲ್ಲಿ ಕೇಳೋ ಪ್ರಶ್ನೆಗೆ ಪುಟದಲ್ಲೇ ಉತ್ತರ ಕೊಡಿ

ಸಕಲೇಶಪುರ, ಮೂಡಿಗೆರೆ, ಕೆಮ್ಮಣ್ಣುಗುಂಡಿ ಕಡೆಯ ಹತ್ತು ಟೆಂಟ್ ಕ್ಯಾಂಪ್‌ಗಳ ವೆಬ್‌ಸೈಟ್ ತೆಗೆದು ಓದಿ ನೋಡಿ. ‘ಪ್ರಕೃತಿಯ ಮಡಿಲಲ್ಲಿ’, ‘ಭೂಲೋಕದ ಸ್ವರ್ಗ’, ‘ಮರೆಯಲಾಗದ ಅನುಭವ’. ಮೇಲಿನ ಹೆಸರು ಕೈಯಲ್ಲಿ ಮುಚ್ಚಿದ್ರೆ ಯಾವುದು ಯಾರ ಕ್ಯಾಂಪ್ ಅಂತ ಹೇಳೋಕಾಗಲ್ಲ.

ಈಗ ಅದೇ ಕ್ಯಾಂಪಿಗೆ ಫೋನ್ ಮಾಡೋರು ಏನು ಕೇಳ್ತಾರೆ ಅಂತ ಯೋಚನೆ ಮಾಡಿ. ಸಣ್ಣ ಕಾರು ಟೆಂಟ್ ತನಕ ಬರುತ್ತಾ? ರಾತ್ರಿ ಟಾಯ್ಲೆಟ್‌ಗೆ ಎಷ್ಟು ದೂರ ನಡೀಬೇಕು? ಅಮ್ಮನಿಗೆ ಮಂಡಿನೋವು, ಮಂಚ ಇದೆಯಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಇಂಬಳ ಜಾಸ್ತಿನಾ? ಒಬ್ಬರೂ ‘ನಿಮ್ಮದು ಸ್ವರ್ಗನಾ’ ಅಂತ ಕೇಳಲ್ಲ. ನನ್ನ ಪ್ರಕಾರ ಕ್ಯಾಂಪ್ ನಡೆಸೋರು ಬರೀಬೇಕಾದ್ದು ಈ ಪ್ರಶ್ನೆಗಳ ಉತ್ತರ. ಗೂಗಲ್‌ನಲ್ಲಿ ಜನ ಟೈಪ್ ಮಾಡೋದೂ ಇವನ್ನೇ.

ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಬಂದ ಪ್ರತಿ ಪ್ರಶ್ನೆಯನ್ನೂ ಕೇಳಿದವರ ಮಾತಲ್ಲೇ ಬರೆದುಕೊಳ್ಳಿ, ವಾಟ್ಸಾಪ್‌ನದ್ದೂ ಸೇರಿಸಿ. ಪದೇಪದೇ ಬಂದಿದ್ದನ್ನ ಮೇಲೆ ತನ್ನಿ. ಒಂದು ಪ್ರಶ್ನೆಗೆ ಒಂದು ಪುಟ. ಪ್ರಶ್ನೆಯೇ ತಲೆಬರಹ, ಮೊದಲ ಎರಡು ಸಾಲಲ್ಲಿ ನೇರ ಉತ್ತರ, ವಿವರ ಆಮೇಲೆ. ‘ಎಲ್ಲಾ ಮಾಹಿತಿ’ ಅಂತ ಒಂದೇ ಪುಟಕ್ಕೆ ಎಲ್ಲವನ್ನೂ ತುರುಕಿದ್ರೆ ಓದುಗನಿಗೂ ಸಿಗಲ್ಲ, ಗೂಗಲ್‌ಗೂ ಅದು ಯಾವುದರ ಪುಟ ಅಂತ ತಿಳಿಯಲ್ಲ.

ರಸ್ತೆಯ ಪುಟ ಹೇಗಿರಬೇಕು ಅಂದ್ರೆ, ಡಾಂಬರು ಎಲ್ಲಿ ಮುಗಿಯುತ್ತೆ, ಅಲ್ಲಿಂದ ಕಾರಿನ ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಮಣ್ಣುರಸ್ತೆ, ಮಳೆಯಲ್ಲಿ ಎಲ್ಲಿ ಚಕ್ರ ಜಾರುತ್ತೆ, ಜೀಪ್ ಎಲ್ಲಿಂದ ಹತ್ತಬೇಕು, ಜೀಪಿಗೆ ಎಷ್ಟು, ಕಾರು ಎಲ್ಲಿ ನಿಲ್ಲಿಸಬೇಕು. ಗೂಗಲ್ ಮ್ಯಾಪ್ ಯಾವ ತಿರುವಿನಲ್ಲಿ ಪಕ್ಕದ ಎಸ್ಟೇಟಿನ ಗೇಟಿಗೆ ಕರೆದುಕೊಂಡು ಹೋಗುತ್ತೆ ಅನ್ನೋದನ್ನೂ ಫೋಟೊ ಸಮೇತ ಹಾಕಿ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಣ್ಣು ಕುಸಿದ್ರೆ ಮಂಗಳೂರು ಕಡೆಯಿಂದ ಬರೋರು ಹೇಗೆ ಬರಬೇಕು ಅಂತ ಒಂದು ಸಾಲು ಇರಲಿ.

ಚಳಿಯ ಪುಟಕ್ಕೆ ‘ಹಿತವಾದ ಚಳಿ’ ಅಂತ ಬರೀಬೇಡಿ. ಕನಿಷ್ಠ-ಗರಿಷ್ಠ ಎರಡನ್ನೂ ತೋರಿಸೋ ಥರ್ಮಾಮೀಟರ್ ಒಂದನ್ನ ಟೆಂಟ್ ಹಾಕೋ ಜಾಗದಲ್ಲೇ ನೇತುಹಾಕಿ, ಡಿಸೆಂಬರ್-ಜನವರಿಯ ಬೆಳಗಿನ ಜಾವದ ಅಂಕಿ ದಿನಾ ಬರೆದಿಡಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ ಇದೆ. ಬುಡದ ತೋಟದ ಚಳಿಯೇ ಬೇರೆ, ಮೇಲಿನ ಗಾಳಿಯೇ ಬೇರೆ. ಜಿಲ್ಲಾ ಕೇಂದ್ರದ ಉಷ್ಣಾಂಶ ನೋಡಿ ಬಟ್ಟೆ ತಂದವರು ನಡುಗ್ತಾರೆ. ಸ್ಲೀಪಿಂಗ್ ಬ್ಯಾಗ್ ಮೇಲಿನ ಡಿಗ್ರಿಯಲ್ಲೂ ‘ಕಂಫರ್ಟ್’ (ಹಿತವಾಗಿ ಮಲಗಬಹುದಾದ ಚಳಿ) ಬೇರೆ, ‘ಲಿಮಿಟ್’ (ಮುದುಡಿಕೊಂಡು ಹೇಗೋ ತಡೆಯಬಹುದಾದ ಚಳಿ) ಬೇರೆ. ನೀವು ಕೊಡೋದು ಯಾವುದಕ್ಕೆ ಸಾಕು ಅಂತ ಹೇಳಿ.

ಇದರ ಜೊತೆಗೇ ಬರೀಬೇಕಾದ್ದು ಟೆಂಟ್ ಒಳಗಿನ ನೀರಿನ ವಿಷಯ. ರಾತ್ರಿಯೆಲ್ಲಾ ಇಬ್ಬರು ಬಿಡೋ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತೆ. ಬೆಳಗ್ಗೆ ಎದ್ದವರು ಟೆಂಟ್ ಸೋರ್ತಿದೆ ಅಂದುಕೊಂಡು ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ಚಳಿ ಅಂತ ಎರಡೂ ಕಿಟಕಿ ಮುಚ್ಚಿದ್ದು, ಹೊರಹೊದಿಕೆ ಸಡಿಲಾಗಿ ಒಳಬಟ್ಟೆಗೆ ಅಂಟಿದ್ದು, ಕೆರೆ ಪಕ್ಕದ ತಗ್ಗಲ್ಲಿ ಟೆಂಟ್ ಹಾಕಿದ್ದು, ಇವು ಕಾರಣ. ಮೊದಲೇ ಓದಿ ಬಂದವರು ಕಿಟಕಿ ಎರಡು ಬೆರಳಷ್ಟು ತೆರೆದಿಟ್ಟು ಮಲಗ್ತಾರೆ.

ನನಗೆ ಬಹಳ ಬೇಸರ ತರಿಸೋದು ಕಾಫಿ ಹೂವಿನ ವಿಷಯ. ತೋಟದಲ್ಲೇ ಕ್ಯಾಂಪ್ ಇದ್ದೂ ಇದನ್ನ ಸರಿಯಾಗಿ ಬರೆಯೋರು ಕಡಿಮೆ. ಬೆಂಗಳೂರಿನವರು ಹುಡುಕ್ತಾರೆ, ‘ಕಾಫಿ ಹೂ ಯಾವಾಗ’ ಅಂತ. ‘ಮಾರ್ಚ್‌ನಲ್ಲಿ’ ಅಂದ್ರೆ ಉತ್ತರ ಆಗಲಿಲ್ಲ. ಹೂಮಳೆ, ಅಂದ್ರೆ ಮೊಗ್ಗು ಅರಳಿಸೋ ಬೇಸಿಗೆ ಮಳೆ, ಬಿದ್ದ ಮೇಲೆ ಸುಮಾರು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಆ ಬಿಳಿ ಇರೋದು ಎರಡು-ಮೂರು ದಿನ. ಸ್ಪ್ರಿಂಕ್ಲರ್ ಇಟ್ಟ ರೋಬಸ್ಟಾ ಆದ್ರೆ ನೀರು ಕೊಟ್ಟ ದಿನದಿಂದ ಲೆಕ್ಕ ಹಾಕಬಹುದು, ಮಳೆ ನಂಬಿದ ಅರೇಬಿಕಾಕ್ಕೆ ಮಳೆಯ ದಿನವೇ ಲೆಕ್ಕ. ಹಾಗಾಗಿ ಜನವರಿಯಲ್ಲೇ ಒಂದು ಪುಟ ಸಿದ್ಧ ಮಾಡಿಡಿ. ಮಳೆ ಬಿದ್ದ ಮರುದಿನ ಮೇಲ್ಗಡೆ ಎರಡು ಸಾಲು ಸೇರಿಸಿ: ಇಂಥ ದಿನ ಒಂದು ಇಂಚು ಮಳೆ ಬಿತ್ತು, ಇಂಥ ಶನಿವಾರ-ಭಾನುವಾರಕ್ಕೆ ಹೂ ಬರಬಹುದು. ಬೇರೆ ಊರಲ್ಲಿ ಕೂತು ಬರೆಯೋ ಯಾವ ಬುಕಿಂಗ್ ಕಂಪನಿಗೂ ಆ ಎರಡು ಸಾಲು ಬರೆಯೋಕಾಗಲ್ಲ, ಮಳೆಮಾಪಕ ಇರೋದು ನಿಮ್ಮ ಅಂಗಳದಲ್ಲಿ. ವರ್ಷಾ ವರ್ಷಾ ಹೊಸ ಪುಟ ಮಾಡಬೇಡಿ, ಅದೇ ವಿಳಾಸದ ಪುಟವನ್ನ ತಿದ್ದಿ, ತಿದ್ದಿದ ದಿನಾಂಕ ಹಾಕಿ.

ಹಾಸನ ಕಡೆಯವರಿಗೆ ಶೆಟ್ಟಿಹಳ್ಳಿ ಚರ್ಚ್ ಇದೇ ಥರ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಅದು ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಂತಿರುತ್ತೆ. ಎರಡೂ ನೋಟ ಚೆಂದ, ಆದ್ರೆ ಬಂದವರು ಬಯಸಿದ್ದು ಯಾವುದು? ತಿಂಗಳಿಗೊಂದು ಫೋಟೊ, ಕೆಳಗೆ ದಿನಾಂಕ, ಅಷ್ಟೇ ಸಾಕು. ಬೇಲೂರು, ಹಳೇಬೀಡು ಬಗ್ಗೆ ಇತಿಹಾಸ ಬರೆಯೋಕೆ ಹೋಗಬೇಡಿ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಸಾವಿರ ಪುಟ ಇವೆ. ನಿಮ್ಮ ಕ್ಯಾಂಪಿನಿಂದ ಎಷ್ಟು ಹೊತ್ತಿಗೆ ಹೊರಟ್ರೆ ಎರಡೂ ನೋಡಿ ಊಟಕ್ಕೆ ವಾಪಸ್ ಬರಬಹುದು ಅಂತ ಬರೀರಿ.

ಕೆಟ್ಟದ್ದನ್ನ ಬರೆದ್ರೆ ಜನ ಬರಲ್ಲ ಅನ್ನೋ ಭಯ ಇದೆ. ನಾನು ಒಪ್ಪಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ (ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ) ಇಂಬಳ ಇರುತ್ತೆ, ಉಪ್ಪು-ಸುಣ್ಣ ಇಟ್ಟಿರ್ತೀವಿ, ಉದ್ದ ಕಾಲುಚೀಲ ತನ್ನಿ ಅಂತ ಬರೆದ್ರೆ, ಮಳೆ ನೋಡೋಕೇ ಬರೋರು ಬರ್ತಾರೆ, ಅದಾಗದವರು ಅಕ್ಟೋಬರ್ ದಾಟಿಸಿ ಬರ್ತಾರೆ. ಆನೆ ವಿಷಯವಂತೂ ಮುಚ್ಚಿಡಲೇಬಾರದು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆ ಓಡಾಟ ಇದೆ. ಕತ್ತಲಾಗೋ ಮುಂಚೆ ತಲುಪಿ, ಬೆಳಗಿನ ಜಾವ ತೋಟದಲ್ಲಿ ಒಬ್ಬರೇ ನಡೀಬೇಡಿ, ಟೆಂಟ್ ಒಳಗೆ ಬಾಳೆಹಣ್ಣು, ಹಲಸು ಇಡಬೇಡಿ. ಇದು ಜೀವದ ಪ್ರಶ್ನೆ, ಬುಕಿಂಗ್ ಆಮೇಲಿನ ಮಾತು.

ಹಾಗೇ ಹಳೇ ಪುಟಗಳನ್ನ ತೆಗೆದುಹಾಕಿ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ ಮೇಲೆ, 57 ಸುರಂಗ ದಾಟಿ ನಡೆಯೋ ಚಾರಣ ಅಂತ ಇನ್ನೂ ಬರೆದಿಟ್ಟವರಿದ್ದಾರೆ. ಅದು ನಿಷಿದ್ಧ, ಅಪಾಯ. ಅರಣ್ಯ ಇಲಾಖೆಯ ಚಾರಣಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ತಗೋಬೇಕು. ಆ ಕೊಂಡಿ ಕೊಡಿ, ಇಲ್ಲದಿದ್ರೆ ಅತಿಥಿ ಚೆಕ್‌ಪೋಸ್ಟಿನಿಂದ ವಾಪಸ್ ಬಂದು ನಿಮ್ಮ ಮೇಲೆ ಸಿಟ್ಟಾಗ್ತಾರೆ.

ಇನ್ನು ಕೆಲಸ ಕೆಡಿಸೋ ಸಣ್ಣ ತಪ್ಪುಗಳು. ದರಪಟ್ಟಿ, ದಾರಿ ಎಲ್ಲವನ್ನೂ ಪೋಸ್ಟರ್ ಚಿತ್ರದೊಳಗೆ ಬರೆದಿರ್ತಾರೆ, ಹುಡುಕಾಟದಲ್ಲಿ ಅದು ಅಕ್ಷರದಷ್ಟು ಚೆನ್ನಾಗಿ ಸಿಗಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್‌ಗೆ ಬದಲಿಸದೆ ಹಾಕಿದ್ರೆ ಓದೋರಿಗೆ ಕಾಣೋದು ಬರೀ ಗೊಂದಲದ ಚಿಹ್ನೆ. ಬರಹ ಕನ್ನಡದಲ್ಲಿರಲಿ, ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದ ವಿಳಾಸವನ್ನ ವಾಟ್ಸಾಪ್‌ನಲ್ಲಿ ಹಂಚಿದಾಗ ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರವಾಗಿ ಮಾರುದ್ದ ಬೆಳೆಯಬಹುದು. ಇಂಗ್ಲಿಷ್ ಪುಟ ಇದ್ರೆ 2014ಕ್ಕೆ ಮುಂಚಿನ ಚಿಕ್ಕಮಗಳೂರಿನ ಹಳೇ ಕಾಗುಣಿತವನ್ನೂ (Chikmagalur) ಒಮ್ಮೆ ಬಳಸಿ, ಜನ ಇನ್ನೂ ಹಾಗೇ ಹುಡುಕ್ತಾರೆ. ಕ್ಯಾಮೆರಾದಿಂದ ಬಂದ ಐದು ಎಂಬಿ ಫೋಟೊವನ್ನ 1,200 ಪಿಕ್ಸೆಲ್ ಅಗಲಕ್ಕೆ, ಇನ್ನೂರು ಕೆಬಿ ಒಳಗೆ ಇಳಿಸಿ. ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ದಾರಿ ಹುಡುಕೋರಿಗೂ ಪುಟ ತೆರೆಯಬೇಕು.

ಡಿಸೆಂಬರ್ ಸೀಸನ್‌ಗೆ ನವೆಂಬರ್‌ನಲ್ಲಿ ಬರೆದ್ರೆ ತಡ. ಹೊಸ ಪುಟ ಹುಡುಕಾಟದಲ್ಲಿ ಮೇಲೆ ಬರೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕೆಲಸ ಕಡಿಮೆ ಇರೋ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ ಕೂತು ವಾರಕ್ಕೊಂದು ಬರೀರಿ. ಆಮೇಲೆ ತಿಂಗಳಿಗೊಮ್ಮೆ ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಸಾಧನ ತೆರೆದು, ಜನ ಯಾವ ಮಾತು ಹುಡುಕಿ ನಿಮ್ಮಲ್ಲಿಗೆ ಬಂದ್ರು ನೋಡಿ. ಪುಟದಲ್ಲಿ ಇಲ್ಲದ ಪ್ರಶ್ನೆ ಅಲ್ಲಿ ಕಂಡ್ರೆ ಅದೇ ಮುಂದಿನ ಬರಹ. ಓದೋರಿದ್ದಾರೆ, ಆದ್ರೆ ಫೋನ್ ಬರ್ತಿಲ್ಲ ಅಂದ್ರೆ, ಮೊದಲು ದರ ಇದೆಯಾ ನೋಡಿ. ಒಬ್ಬರಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಊಟ ಸೇರಿದೆಯಾ, ಬುಕಿಂಗ್ ರದ್ದಾದ್ರೆ ಎಷ್ಟು ವಾಪಸ್, ಮತ್ತು ಬೆರಳಿಟ್ಟರೆ ಕರೆ ಹೋಗೋ ನಂಬರ್, ಪ್ರತಿ ಪುಟದ ಕೊನೆಯಲ್ಲಿ.