ಮೆಕ್ಕೆಜೋಳದ ರೇಟು ತರೋ ಒಂದು ಸಾಲು

ನೀವೀಗ ನೋಡ್ತಿರೋದು ದಾವಣಗೆರೆ ಎಪಿಎಂಸಿ ಯಾರ್ಡು. ಆ ಹಳದಿ ರಾಶಿ ಮೆಕ್ಕೆಜೋಳ. ಕೊಯ್ಲು ಮುಗಿದಾಗಿಂದ ಅಪ್ಪಾಜಿ ಊರಿಂದ ದಿನಾ ಫೋನ್ ಮಾಡಿ ಕೇಳೋದು ಒಂದೇ: "ಇವತ್ತು ರೇಟ್ ಎಷ್ಟೈತಪ್ಪಾ?"

ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ದೇಶದ ಮಂಡಿಗಳ ಧಾರಣೆ ಸಿಗುತ್ತೆ. ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ (ಅಂದ್ರೆ ಹೆಚ್ಚಾಗಿ ನಡೆದ ರೇಟು), ಮೂರೂ. ದಿನಾ ಬ್ರೌಸರ್ ತೆಗೆದು ಹುಡುಕೋ ಬದಲು ಕಮಾಂಡ್ ಟೈಪ್ ಮಾಡೋ ಟರ್ಮಿನಲ್‌ನಲ್ಲೇ ತರಿಸಿಕೊಳ್ಳೋಣ ಅಂತ ಕರ್ಲ್ ಹಿಡಿದೆ. ವೆಬ್ ವಿಳಾಸ ಕೊಟ್ರೆ ಅಲ್ಲಿರೋ ಮಾಹಿತಿ ತಂದುಕೊಡೋ ಪ್ರೋಗ್ರಾಮ್ ಅದು.

ಕರ್ಲ್ ಕಥೆ ನನಗೆ ತುಂಬಾ ಇಷ್ಟ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1996ರಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ತಿದ್ದೋಕೆ ಕೂತಿದ್ದೇ ವಿದೇಶಿ ಕರೆನ್ಸಿ ರೇಟು ತರಿಸೋಕೆ. ಚಾಟ್‌ನಲ್ಲಿದ್ದವರಿಗೆ ಆ ರೇಟು ಬೇಕಿತ್ತು. 1998ರ ಮಾರ್ಚ್‌ನಲ್ಲಿ ಅದಕ್ಕೆ ಕರ್ಲ್ ಅಂತ ಹೆಸರಾಯ್ತು. ಅವರಿಗೂ ಬೇಕಾಗಿದ್ದು ಇವತ್ತಿನ ರೇಟೇ!

ಆ ಸರ್ಕಾರಿ ಸೈಟಿನಲ್ಲಿ ಲಾಗಿನ್ ಆದ್ರೆ ನಿಮ್ಮದೇ ಎಪಿಐ ಕೀ ಸಿಗುತ್ತೆ. ಎಪಿಐ ಅಂದ್ರೆ ಪ್ರೋಗ್ರಾಮ್‌ಗಳು ನೇರವಾಗಿ ಮಾಹಿತಿ ಕೇಳೋ ದಾರಿ, ಕೀ ಅಂದ್ರೆ ಅದಕ್ಕೆ ಪಾಸ್‌ವರ್ಡ್ ಥರ. ಅಲ್ಲೇ ಕೊಟ್ಟಿರೋ ಸ್ಯಾಂಪಲ್ ಕೀ ಹಾಕಿದ್ರೆ ಒಂದು ಸಲಕ್ಕೆ 10 ಸಾಲು ಮಾತ್ರ. ಲಿಮಿಟ್ (ಎಷ್ಟು ಸಾಲು), ಆಫ್‌ಸೆಟ್ (ಎಷ್ಟು ಸಾಲು ಬಿಟ್ಟು) ಕೊಟ್ಟು ಮುಂದಿನ ಸಾಲು ತರಿಸಬೇಕು, ಉತ್ತರ ಬರೋದು ಜೇಸನ್ ಅನ್ನೋ ಪಠ್ಯ ರೂಪದಲ್ಲಿ, ಅದನ್ನ ಸೋಸೋ ಜೆಕ್ಯೂ ಪ್ರೋಗ್ರಾಮ್‌ಗೆ ಕೊಟ್ರೆ ಬೇಕಾದ್ದಷ್ಟೇ ಉಳಿಯುತ್ತೆ.

ಮೊದಲ ದಿನ ಸೊನ್ನೆ ಸಾಲು ಬಂತು. ಎರರ್ ಏನೂ ಇಲ್ಲ. ಎರಡು ಗಂಟೆ ಕೀನೇ ಸರಿಯಿಲ್ಲ ಅಂದ್ಕೊಂಡಿದ್ದೆ. ಜಿಲ್ಲೆ ಫಿಲ್ಟರ್ ತೆಗೆದು ಇಡೀ ಕರ್ನಾಟಕ ತರಿಸಿ ನೋಡಿದ ಮೇಲೆ ಗೊತ್ತಾಯ್ತು: ಇಂಗ್ಲಿಷಿನಲ್ಲಿ ದಾವಣಗೆರೆ ಹೆಸರನ್ನ ಎರಡು ಥರ ಬರೀತಾರೆ. ನಾನು ಬರೆದಿದ್ದು ಒಂದು, ಅಲ್ಲಿದ್ದಿದ್ದು ಇನ್ನೊಂದು. ಒಂದೇ ಒಂದು 'ಎ' ವ್ಯತ್ಯಾಸ.

ಇನ್ನೊಂದು ವಿಷಯ, ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ. ಈ ಎಪಿಐನಲ್ಲಿ ಕೀ ವೆಬ್ ವಿಳಾಸದ ಒಳಗೇ ಹೋಗುತ್ತೆ. ಕಮಾಂಡ್‌ನಲ್ಲಿ ಟೈಪ್ ಮಾಡಿದ್ರೆ ಶೆಲ್ ಹಿಸ್ಟರಿಯಲ್ಲಿ, ಅಂದ್ರೆ ಹಿಂದೆ ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿಯಲ್ಲಿ, ಹಾಗೇ ಕೂತಿರುತ್ತೆ. ಕರ್ಲ್ ಓಡ್ತಿರುವಾಗ ಅದೇ ಕಂಪ್ಯೂಟರಿನ ಬೇರೆಯವರು ಓಡ್ತಿರೋ ಪ್ರೋಗ್ರಾಮ್‌ಗಳ ಪಟ್ಟಿ ತೆಗೆದ್ರೂ ಕಾಣಬಹುದು. ನಾನು ಈ ವಿಡಿಯೋಗೆ ರೆಕಾರ್ಡ್ ಮಾಡ್ತಾ ಹಿಂದಿನ ಕಮಾಂಡ್ ತರೋ ಅಪ್ ಆರೋ ಒತ್ತಿದೆ, ಕೀ ಪೂರ್ತಿ ಸ್ಕ್ರೀನ್ ಮೇಲೆ ಬಂತು. ಆ ಭಾಗ ಕತ್ತರಿಸಿ, ಇಡೀ ವ್ಯವಸ್ಥೆ ಬದಲಾಯಿಸಿದೆ. ಈಗ ಕೀ ಇರೋ ವಿಳಾಸ ಒಂದು ಕಾನ್ಫಿಗ್ (ಸೆಟ್ಟಿಂಗ್ಸ್ ಬರೆದಿಡೋ) ಫೈಲಿನಲ್ಲಿದೆ, ಪರ್ಮಿಷನ್ 600, ಅಂದ್ರೆ ನನ್ನ ಅಕೌಂಟ್ ಮಾತ್ರ ಓದಬಹುದು. ಕರ್ಲ್‌ಗೆ ಹೈಫನ್ ಕ್ಯಾಪಿಟಲ್ ಕೆ ಕೊಟ್ಟು ಆ ಫೈಲ್ ತೋರಿಸ್ತೀನಿ, ಅಷ್ಟೇ. ಹಿಸ್ಟರಿಯಲ್ಲಿ ಉಳಿಯೋದು ಫೈಲಿನ ಹೆಸರು ಮಾತ್ರ.

ಇವತ್ತು ಬೆಳಗ್ಗೆ ಮೂರೂ ರೇಟು ಓದಿ ಹೇಳಿದೆ. ಅಪ್ಪಾಜಿ ಪೂರ್ತಿ ಕೇಳಿಸಿಕೊಂಡು ಅಂದ್ರು: "ಗರಿಷ್ಠ ಸಿಕ್ಕಿದ ಮಾಲು ಎಷ್ಟು ಒಣಗಿತ್ತು?"

ಬಂದ ಸಾಲುಗಳನ್ನೆಲ್ಲ ನೋಡಿದೆ. ತಳಿ ಇದೆ, ದರ್ಜೆ ಇದೆ, ತಾರೀಖು ಇದೆ. ತೇವಾಂಶದ ಕಾಲಮ್ಮೇ ಇಲ್ಲ.

ಅದನ್ನ ಕೇಳೋಕೇ ಈಗ ಯಾರ್ಡಿಗೆ ಬಂದಿರೋದು.